ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು

ಚಿತ್ರವೊಂದರ ಯೋಗ್ಯತೆಯನ್ನು ಅಳೆಯುವುದಕ್ಕೆ ಗಲ್ಲಾಪೆಟ್ಟಿಗೆಯೊಂದೇ ಸಾಲದೆ? ಸರಕಾರದ ಪ್ರಶಸ್ತಿ ಬೇರೆ ಏತಕ್ಕೆ? ನನ್ನ ಸಹಪಾಠಿಗಳು ಆಗಾಗ ಈ ಪ್ರಶ್ನೆಯನ್ನು ಕೇಳುವುದುಂಟು. ‘ಜನ ಮರುಳೋ ಜಾತ್ರೆ ಮರುಳೋ’ ಎಂಬ ಗಾದೆಯಲ್ಲಿಯೇ ಇದಕ್ಕೆ ಅರ್ಧ ಉತ್ತರವಿದೆ. ಉಳಿದರ್ಧವನ್ನು ವಾಚಕರ ಮುಂದಿಡುವುದೇ ಈ ಕಿರುಲೇಖನದ ಉದ್ದೇಶ.

ಕೇಂದ್ರ ಸರಕಾರವು ಈ ಪ್ರಶಸ್ತಿಗಳನ್ನು 1954ರಲ್ಲಿ ಪ್ರಾರಂಭಿಸಿತು. 1953ರ ಚಿತ್ರಗಳಲ್ಲಿ ಸರ್ವೋತ್ತಮವೆನಿಸಿ ರಾಷ್ಟ್ರಪತಿಗಳ ಸುವರ್ಣಪದಕವನ್ನು ಮೊಟ್ಟಮೊದಲು ಪಡೆದದ್ದು ಆಚಾರ್ಯ ಅತ್ರೆಯವರ ಮರಾಠಿ ಚಿತ್ರ ‘ಶ್ಯಾಮಚಿ ಆಯಿ’. ಮರುವರ್ಷದ ಚಿತ್ರಗಳ ಪೈಕಿ ನಮ್ಮ ‘ಬೇಡರ ಕಣ್ಣಪ್ಪ’ ಅರ್ಹತಾಪತ್ರಕ್ಕೆ ಪಾತ್ರವಾಯಿತು. ಇಂದು ಸುವರ್ಣಪದಕದ ಸ್ಥಾನದಲ್ಲಿ ಸ್ವರ್ಣಕಮಲವಿದೆ. ಉತ್ತಮ ನಟನಟಿಯರಿಗೂ ಆಯಾ ಭಾಷೆಯ ಉತ್ತಮ ಚಿತ್ರಕ್ಕೂ ರಜತಕಮಲ ಸಲ್ಲುತ್ತದೆ.

ಆಯ್ಕೆಯ ಕ್ರಮ ಹೀಗಿದೆ. ಆಯಾ ವರ್ಷದ ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಪಡೆದ ಚಿತ್ರಗಳು ಮಾತ್ರ ಸ್ಪರ್ಧೆಗೆ ಅರ್ಹ. ಕಥಾಚಿತ್ರಗಳನ್ನು ಮೊದಲು ಪ್ರಾದೇಶಿಕ ತೀರ್ಪುಗಾರರೂ ಆಮೇಲೆ ಕೇಂದ್ರದ ತೀರ್ಪುಗಾರರೂ ನೋಡಿ ನಿರ್ಣಯಿಸುತ್ತಾರೆ. ಚಿತ್ರ ಎಷ್ಟು ಹಣ ಗಳಿಸಿತೆಂಬ ಲೆಕ್ಕ ಅಲ್ಲಿ ಇಲ್ಲ. ಅದರ ಭಾಷೆಯನ್ನಾಡುವವರು ಎಷ್ಟು ಜನವೆಂಬ ಲೆಕ್ಕವೂ ಇಲ್ಲ.

ಇದರಿಂದ ಆದ ಉಪಕಾರವನ್ನು ‘ಸಂಸ್ಕಾರ’ದ ಕಥೆಯೇ ಹೇಳುತ್ತದೆ. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆರೆಗೆ ತಂದಾಗ ಮದರಾಸಿನ ಸೆನ್ಸಾರ್ ಮಂಡಳಿ ಅದಕ್ಕೆ ಅನುಮತಿಯನ್ನೇ ನಿರಾಕರಿಸಿತು. ಆ ನಿಷೇಧ ಉಳಿದಿದ್ದರೆ ಜನ ಚಿತ್ರವನ್ನು ನೋಡುವಂತಿರಲಿಲ್ಲ, ಸ್ಪರ್ಧೆಯ ಬಾಗಿಲೂ ತೆರೆಯುತ್ತಿರಲಿಲ್ಲ. ಕೇಂದ್ರ ಸರಕಾರ ಮಧ್ಯೆ ಪ್ರವೇಶಿಸಿ ಅದನ್ನು ತೆರವುಗೊಳಿಸಿತು. ಕೊನೆಗೆ ಅದೇ ಚಿತ್ರ ಆ ವರ್ಷದ ಸುವರ್ಣಪದಕವನ್ನು ಕನ್ನಡಕ್ಕೆ ಪ್ರಥಮಬಾರಿಗೆ ತಂದುಕೊಟ್ಟಿತು. ಒಂದು ಕೈ ತಡೆದದ್ದನ್ನು ಇನ್ನೊಂದು ಕೈ ಮನ್ನಿಸಿತು! ದೊಡ್ಡ ತಾರೆಯರಾಗಲಿ ಥಳುಕುಬಳುಕಾಗಲಿ ಇಲ್ಲದ ಚಿತ್ರಕ್ಕೂ ನಾಡಿನಲ್ಲಿ ಮಾನ್ಯತೆಯುಂಟೆಂಬ ಧೈರ್ಯ ಕನ್ನಡಿಗರಿಗೆ ಬಂದುದು ಆಗ.

ಆ ಧೈರ್ಯ ವ್ಯರ್ಥವಾಗಲಿಲ್ಲ. ಬಿ. ವಿ. ಕಾರಂತರ ‘ಚೋಮನ ದುಡಿ’ 1975ರ ಚಿತ್ರಗಳಲ್ಲಿ ಅತ್ಯುತ್ತಮವೆನಿಸಿತು. ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾಯರು ಆ ವರ್ಷದ ಉತ್ತಮ ನಟರಾದರು. ಗಿರೀಶ ಕಾಸರವಳ್ಳಿಯವರಂತೂ ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿಸಾಹೇಬ’, ‘ದ್ವೀಪ’ ಈ ನಾಲ್ಕು ಚಿತ್ರಗಳಿಂದ ನಾಲ್ಕು ಬಾರಿ ಸ್ವರ್ಣಕಮಲವನ್ನು ಕನ್ನಡಕ್ಕೆ ತಂದರು.

ತೀರ್ಪುಗಾರರೂ ಮನುಷ್ಯರೇ, ಅವರ ನಿರ್ಣಯವನ್ನೆಲ್ಲ ನಾವು ಒಪ್ಪಲೇಬೇಕೆಂದಿಲ್ಲ. ಆದರೆ ಒಪ್ಪುವುದಕ್ಕಾಗಲಿ ತೆಗಳುವುದಕ್ಕಾಗಲಿ ಮೊದಲು ಚಿತ್ರವನ್ನು ನೋಡಿರಬೇಕಷ್ಟೆ. ಕಮಲ ಪಡೆದ ಈ ಚಿತ್ರಗಳ ಹೆಸರನ್ನು ಸಾಮಾನ್ಯಜ್ಞಾನದ ಪರೀಕ್ಷೆಗಾಗಿ ಬಾಯಿಪಾಠ ಮಾಡುವ ನಾವು ಅವನ್ನು ಕಣ್ಣಿಂದ ನೋಡಿರುವುದು ಅಪರೂಪ. ನಮ್ಮ ಕಾಲೇಜಿನ ಕನ್ನಡ ಸಂಘವು ವರ್ಷಕ್ಕೆ ಇಂಥದೊಂದು ಚಿತ್ರವನ್ನಾದರೂ ತೋರಿಸಿ, ಅದರ ಮೇಲೊಂದು ಚರ್ಚೆಯನ್ನು ಏರ್ಪಡಿಸಲಿ ಎಂಬುದು ನನ್ನ ವಿನಮ್ರ ಪ್ರಾರ್ಥನೆ.