ಗೌಂಡಿಯ ಬಾಕಿ ಮನೆಗೆ ಅಂಟುತ್ತದೆಯೇ?

ಪ್ರಶ್ನೆ: ಅಮೆರಿಕದಲ್ಲಿ ಮನೆ ಕಟ್ಟಿಸುವವರು ಪ್ರತಿ ಕಂತಿಗೂ ‘ಲೀನ್ ವೇವರ್’ ಬರೆಸಿಕೊಳ್ಳುತ್ತಾರಂತೆ. ಚಿಕ್ಕೇರೂರಿನಲ್ಲಿ ನಮಗೂ ಬೇಕೇ?

ಉತ್ತರ: ಆ ಪತ್ರ ಬೇಡ, ರಸೀದಿ ಬೇಕು. ಅಲ್ಲಿ ಹಣ ಬಾರದವರು ಕಟ್ಟಡದ ಮೇಲೆಯೇ ಋಣಭಾರ ದಾಖಲಿಸಬಹುದು. ಗುತ್ತಿಗೆದಾರನಿಗೆ ಪೂರ್ತಿ ಕೊಟ್ಟಿದ್ದರೂ ಸಿಮೆಂಟ್ ಅಂಗಡಿಯ ಬಾಕಿ ಮನೆಗೆ ಅಂಟೀತು. ಆ ಹಕ್ಕು ಬಿಟ್ಟೆನೆಂಬ ಬರಹವೇ ವೇವರ್. ನಮ್ಮ 1872ರ ಕರಾರು ಕಾಯ್ದೆಯ 170ನೇ ಕಲಂ ಕೂಲಿಗಾಗಿ ಹಿಡಿದಿಟ್ಟುಕೊಳ್ಳುವ ಹಕ್ಕು ಕೊಟ್ಟಿರುವುದು ಕೈಗೊಪ್ಪಿಸಿದ ಸರಕಿನ ಮೇಲೆ: ಅಕ್ಕಸಾಲಿಗ ಬಳೆ ಇಟ್ಟುಕೊಂಡಾನು, ಗೌಂಡಿ ಗೋಡೆ ಇಟ್ಟುಕೊಳ್ಳಲಾರ. ಹಾಗೆಂದು ಕಾಗದ ದಂಡವಲ್ಲ. ಬಾಕಿಗಾಗಿ ಮೂರು ವರ್ಷದೊಳಗೆ ಅವನು ದಾವೆ ಹೂಡಬಹುದು. ಪಾಯ, ಲಿಂಟಲ್, ಸ್ಲ್ಯಾಬಿಗೆ ಕೊಟ್ಟ ಹಣಕ್ಕೆ ಪಡೆದ ಸಹಿಯೇ ಆಗ ಸಾಕ್ಷಿ. ಮೊದಲೇ ‘ಬಾಕಿ ಇಲ್ಲ’ವೆಂದು ಬರೆಸಿಕೊಂಡರೆ ಇನ್ನೂ ಭದ್ರವಲ್ಲವೇ ಎನ್ನಬಹುದು. ಅಂಥ ಪತ್ರವೊಂದೇ ನ್ಯಾಯವಾದ ಬಾಕಿಯನ್ನು ಅಳಿಸದೆಂದು 2011ರ ಆರ್.ಎಲ್. ಕಲಾಥಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.