ಎಲ್ಲಾ ‘ಸ್ವಲ್ಪ ಜಾಸ್ತಿ’ ಅಂದ್ರ ಸುಮ್ಮನಿರಬ್ಯಾಡ್ರಿ

ಸೊಲ್ಲಾಪುರ: ‘ಸಾಖರ್ ಥೋಡೀ ವಾಢಲೀ ಆಹೇ’ ಎಂದು ಲ್ಯಾಬ್‌ನಲ್ಲಿ ಮರಾಠಿಯಲ್ಲಿ ಹೇಳುತ್ತಾರೆ. ‘ಸಕ್ಕರಿ ಸ್ವಲ್ಪ ಜಾಸ್ತಿ ಐತಂತ, ಏನೂ ಆಗಿಲ್ಲ ಬಿಡು’ ಎಂದು ಮನೆಗೆ ಬಂದು ಕನ್ನಡದಲ್ಲಿ ಹೇಳಿದರೆ ಮುಗಿಯಿತು. ರಿಪೋರ್ಟು ಕಪಾಟು ಸೇರುತ್ತದೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಅನೇಕ ಮನೆಗಳಲ್ಲಿ ಗಂಡಸರ ರಕ್ತ ತಪಾಸಣೆಯ ಕಥೆ ಇಷ್ಟೇ.

ಆದರೆ ಅದೇ ಕಾಗದವನ್ನು ಇನ್ನೊಮ್ಮೆ ನೋಡಬೇಕು. ಖಾಲಿ ಹೊಟ್ಟೆಯ ಸಕ್ಕರೆ 108, ಟ್ರೈಗ್ಲಿಸರೈಡ್ 172, ಒಳ್ಳೆಯ ಕೊಬ್ಬು ಎನ್ನುವ ಎಚ್‌ಡಿಎಲ್ 36 ಇದೆ ಎಂದುಕೊಳ್ಳಿ. ಒಂದೊಂದೇ ನೋಡಿದರೆ ಯಾವುದೂ ಗಾಬರಿ ಹುಟ್ಟಿಸುವುದಿಲ್ಲ. ಕೆಲವು ಲ್ಯಾಬ್‌ಗಳ ಕಾಗದದಲ್ಲಿ ಸಕ್ಕರೆ 110ರವರೆಗೆ ‘ನಾರ್ಮಲ್’ ಎಂದೇ ಅಚ್ಚಾಗಿರುತ್ತದೆ. ಆದರೆ ಮೂರೂ ಒಟ್ಟಿಗೆ ಬಂದರೆ ವೈದ್ಯಶಾಸ್ತ್ರ ಅದನ್ನು ‘ಮೆಟಬಾಲಿಕ್ ಸಿಂಡ್ರೋಮ್’ ಎನ್ನುತ್ತದೆ.

ಐದರಲ್ಲಿ ಮೂರು

ಇದು ಒಂದೇ ರೋಗವಲ್ಲ, ಒಟ್ಟಿಗೆ ಸೇರಿಕೊಳ್ಳುವ ದೋಷಗಳ ಗುಂಪು. ದೇಹ ಇನ್ಸುಲಿನ್ ಮಾತು ಕೇಳುವುದು ಕಡಿಮೆಯಾಗುವುದೇ ಇದರ ಮುಖ್ಯ ಮೂಲ. 2009ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳು ಒಪ್ಪಿದ ಲೆಕ್ಕದಂತೆ ಗಂಡಸರಿಗೆ ಐದು ಗುರುತುಗಳಿವೆ:

* ಸೊಂಟದ ಸುತ್ತಳತೆ 90 ಸೆಂ.ಮೀ. ಅಥವಾ ಹೆಚ್ಚು (ನಮ್ಮ ದೇಶದವರಿಗೆ)
* ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು
* ಎಚ್‌ಡಿಎಲ್ 40ಕ್ಕಿಂತ ಕಡಿಮೆ
* ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು
* ಬಿಪಿ ಮೇಲಿನದು 130 ಇಲ್ಲವೇ ಕೆಳಗಿನದು 85 ಮುಟ್ಟಿದರೆ

ಯಾವುದಾದರೂ ಮೂರು ಇದ್ದರೆ ಎಚ್ಚರಿಕೆ ಗಂಟೆ. ಈಗಾಗಲೇ ಗುಳಿಗೆ ತಗೊಂಡು ಬಿಪಿ, ಸಕ್ಕರೆ ಹತೋಟಿಯಲ್ಲಿ ಇಟ್ಟವರಿಗೂ ಅದು ಒಂದು ಗುರುತೇ. ಇಂಥವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಅಪಾಯ ಸುಮಾರು ಐದು ಪಟ್ಟು, ಹೃದಯದ ತೊಂದರೆ ಎರಡು ಪಟ್ಟು ಹೆಚ್ಚು.

ಯೂರಿಕ್ ಆಸಿಡ್, ಲಿವರ್ ಪರೀಕ್ಷೆಯ ಎಎಲ್‌ಟಿ ಏರಿದ್ದರೂ ವೈದ್ಯರು ಸೂಕ್ಷ್ಮವಾಗಿ ನೋಡುತ್ತಾರೆ. ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿ ನೋಡುವುದೂ ಉಂಟು. ಇವು ಸುಳಿವು ಮಾತ್ರ. ಒಂದೇ ಅಂಕಿಯಿಂದ ಭವಿಷ್ಯ ಹೇಳಲು ಬರುವುದಿಲ್ಲ.

ತೆಳ್ಳಗಿದ್ದರೂ ತಪ್ಪಿದ್ದಲ್ಲ

‘ದಿನಾ ದುಡಿಯೋ ಮನುಷ್ಯಾ, ತೆಳ್ಳಗ ಅದೀನಿ, ನನಗೇನ್ ಆಗತೈತಿ?’ ಎನ್ನುವವರಿಗೆ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಉತ್ತರ ಕೊಟ್ಟಿದ್ದಾರೆ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರು ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ತಮ್ಮದೇ ಫೋಟೊ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ಮೈಯೊಳಗಿನ ಕೊಬ್ಬು ಯುಡ್ಕಿನ್‌ರಲ್ಲಿ ಶೇ 9.1 ಇದ್ದರೆ ಯಾಜ್ಞಿಕ್‌ರಲ್ಲಿ ಶೇ 21.2! ಕೈಕಾಲು ಸಣ್ಣ, ಹೊಟ್ಟೆ ಮುಂದೆ ಇರುವ ನಮ್ಮ ಗಂಡಸರಿಗೆ ತೂಕದ ಕಾಟಾ ಪೂರ್ತಿ ನಿಜ ಹೇಳುವುದಿಲ್ಲ.

ಏನು ಮಾಡಬೇಕು?

ಮನೆಯಲ್ಲೇ ಟೇಪ್ ಹಿಡಿಯಿರಿ. ಕೊನೆಯ ಪಕ್ಕೆಲುಬು ಹಾಗೂ ಸೊಂಟದ ಎಲುಬಿನ ನಡುವೆ, ಉಸಿರು ಬಿಟ್ಟು ಅಳೆಯಬೇಕು. ಪ್ಯಾಂಟಿನ ಸೈಜು ಲೆಕ್ಕಕ್ಕಿಲ್ಲ. ಮೂವತ್ತು ದಾಟಿದವರ ಬಿಪಿ, ಸಕ್ಕರೆ ತಪಾಸಣೆ ಸರಕಾರದ ಆರೋಗ್ಯ ಕಾರ್ಯಕ್ರಮದಲ್ಲಿಯೇ ಇದೆ.

ಈ ಹಂತದಲ್ಲಿ ತಿರುಗಿ ಬರಲು ದಾರಿಯಿದೆ. ಸಕ್ಕರೆ ಗಡಿಯಂಚಿಗೆ ಬಂದಿದ್ದವರ ಮೇಲೆ ಚೆನ್ನೈ ವೈದ್ಯರು ನಡೆಸಿ, 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡಿಗೆ ಮತ್ತು ಊಟದ ಶಿಸ್ತಿನಿಂದಲೇ ಕಾಯಿಲೆಯ ಅಪಾಯ ಶೇ 28.5ರಷ್ಟು ಇಳಿದಿತ್ತು. ಜೋಳದ ರೊಟ್ಟಿ ಬಿಡಬೇಕಿಲ್ಲ. ಎಣ್ಣೆಯ ಭಜಿ, ಸಕ್ಕರೆ ಚಹಾ, ತಂಬಾಕು, ಸಾರಾಯಿ ದೂರವಿಡಬೇಕು.

ಗಡಿ ಭಾಗದವರು ಒಮ್ಮೆ ಸೊಲ್ಲಾಪುರದಲ್ಲಿ, ಇನ್ನೊಮ್ಮೆ ವಿಜಯಪುರದಲ್ಲಿ ತೋರಿಸಿಕೊಳ್ಳುತ್ತಾರೆ. ಎರಡೂ ಕಡೆಯ ಕಾಗದಗಳನ್ನು ಒಂದೇ ಫೈಲಿನಲ್ಲಿಟ್ಟು ವೈದ್ಯರ ಮುಂದಿಡಿ. ಹೋದ ವರ್ಷದ ‘ಸ್ವಲ್ಪ’ಕ್ಕೂ ಈ ವರ್ಷದ ‘ಸ್ವಲ್ಪ’ಕ್ಕೂ ಇರುವ ಅಂತರ ಆಗಲೇ ಕಾಣುವುದು.