ಗಾಡಿಗೊಂದು ಚಪ್ಪರ

ಕಳೆದ ದಸರಾ ರಜೆಯಲ್ಲಿ ನಮ್ಮ ಶಾಲೆಯ ಕೈಕೆಲಸ ಸಂಘದ ಒಂಬತ್ತು ಮಂದಿ ವಿದ್ಯಾರ್ಥಿಗಳೂ ಇಬ್ಬರು ಮೇಷ್ಟರೂ ನೆರೆಯ ವಯನಾಡು ಜಿಲ್ಲೆಗೆ ಹೋಗಿ ನಾಲ್ಕು ದಿನ ಇದ್ದು ಬಂದೆವು. ಎಡಕಲ್ಲು ಗುಹೆಯನ್ನೂ ಪೂಕೋಡು ಸರೋವರವನ್ನೂ ನೋಡಿದೆವು. ಅವುಗಳ ವರ್ಣನೆ ಪ್ರವಾಸ ಕಥನಗಳಲ್ಲಿ ಬೇಕಾದಷ್ಟಿದೆ. ನಾವು ಇಲ್ಲಿ ಬರೆಯಹೊರಟಿರುವುದು ಏಳಡಿ ಉದ್ದ, ಆರಡಿ ಅಗಲದ ಒಂದು ಬಟ್ಟೆಯ ವಿಷಯ.

ನಮ್ಮ ಜೀಪಿನ ಹಿಂದೆ ಕಟ್ಟಿದ್ದ ಟ್ರೈಲರು ಒಬ್ಬ ಪೋಷಕರದು. ಮೊದಲು ಸಾಮಾನು ಹೊರುತ್ತಿದ್ದ ಎರಡು ಚಕ್ರದ ಗಾಡಿಗೆ ಅವರು ತಗಡಿನ ಗೋಡೆ, ಮಾಡು ಕೂಡಿಸಿ, ಒಳಗೆ ಎರಡು ಹಲಗೆ ಮಂಚ ಮತ್ತು ಪಾತ್ರೆಯ ಗೂಡು ಮಾಡಿದ್ದಾರೆ. (ಟ್ರೈಲರಿಗೂ ನೋಂದಣಿ ಬೇಕು, ಅದರ ಆಕಾರ ಬದಲಿಸುವುದಾದರೆ ಸಾರಿಗೆ ಕಚೇರಿಯ ಒಪ್ಪಿಗೆಯೂ ಬೇಕು. ಇವೆರಡನ್ನೂ ಅವರು ಮೊದಲೇ ಮಾಡಿಸಿದ್ದರು.) ೨೦೨೧ರಲ್ಲಿ ಕೇರಳ ಸರ್ಕಾರವು ಕಾರವಾನ್ ಪ್ರವಾಸಕ್ಕೆಂದೇ ಒಂದು ಯೋಜನೆಯನ್ನು ಪ್ರಕಟಿಸಿತು. ಅಂಥ ಕಾರವಾನಿನ ಮುಂದೆ ನಮ್ಮದು ಬರೀ ಪೆಟ್ಟಿಗೆ. ಒಳಗೆ ಇಬ್ಬರು ಮಲಗಬಹುದು, ಒಬ್ಬರೂ ನೆಟ್ಟಗೆ ನಿಲ್ಲಲಾರರು. ಹನ್ನೊಂದು ಜನರ ಅಡಿಗೆ ಹೊರಗೇ ಆಗಬೇಕು. ಆದ್ದರಿಂದ ಗಾಡಿಯ ಒಂದು ಮಗ್ಗುಲಿಗೆ ಚಪ್ಪರ ಬೇಕಾಯಿತು. ಅದನ್ನು ಶಾಲೆಯಲ್ಲಿಯೇ ನಮ್ಮ ಕೈಯಿಂದಲೇ ಮಾಡಿದೆವು.

ಮಾಡಿದ್ದು ಸುಲಭ. ದಪ್ಪ ಹತ್ತಿಯ ಕ್ಯಾನ್ವಾಸು ತಂದು ಅಂಚು ಹೊಲಿದು, ಒಂದು ಅಂಚನ್ನು ನಾಲ್ಕು ಬೋಲ್ಟಿನಿಂದ ಗಾಡಿಯ ಮಾಡಿಗೆ ಬಿಗಿದು, ಇನ್ನೊಂದು ಅಂಚಿನ ಎರಡು ಮೂಲೆಗೆ ಎರಡು ಗಳ ನಿಲ್ಲಿಸಿದೆವು. ಮಾಡು ನೆಲದಿಂದ ಆರೂವರೆ ಅಡಿ. ಗಳಗಳೂ ಆರೂವರೆ ಅಡಿ. ಶಾಲೆಯ ಮೈದಾನದಲ್ಲಿ ಕಟ್ಟಿ ನೋಡಿದಾಗ ಮೇಜಿನಂತೆ ಸಮವಾಗಿ ನಿಂತಿತು. ಎಲ್ಲರೂ ಮೆಚ್ಚಿದರು. ಫೋಟೋ ಕೂಡ ತೆಗೆಸಿಕೊಂಡೆವು. ಆ ದಿನ ಬಿಸಿಲಿತ್ತು.

ಬಂಡೀಪುರದ ಕಾಡಿನ ರಸ್ತೆಯಲ್ಲಿ ೨೦೦೯ರಿಂದ ರಾತ್ರಿ ೯ರಿಂದ ಬೆಳಿಗ್ಗೆ ೬ರವರೆಗೆ ವಾಹನ ಸಂಚಾರಕ್ಕೆ ತಡೆ ಇದೆ. ಗೇಟು ತೆರೆದೊಡನೆ ಹೊರಟು, ಮುತ್ತಂಗದ ಮೇಲೆ ಸುಲ್ತಾನ್ ಬತ್ತೇರಿ ದಾಟಿ, ಮಧ್ಯಾಹ್ನಕ್ಕೆ ಮುಂಚೆಯೇ ಪರಿಚಿತರೊಬ್ಬರ ಕಾಫಿ ತೋಟ ಸೇರಿದೆವು. ತೋಟದ ಅಜ್ಜ ಮಲೆಯಾಳಿ; ಆದರೆ ಹಲವು ವರ್ಷ ಹೆಗ್ಗಡದೇವನಕೋಟೆಯ ಕಡೆ ಗುತ್ತಿಗೆಗೆ ಹೊಲ ಹಿಡಿದು ಶುಂಠಿ ಬೆಳೆದವರಾದುದರಿಂದ ಕನ್ನಡವನ್ನು ಸರಾಗವಾಗಿ ಆಡುತ್ತಾರೆ. ಮೇಷ್ಟರನ್ನು ಮಾತ್ರ ಅವರ ವಾಡಿಕೆಯಂತೆ 'ಮಾಷೇ' ಎಂದೇ ಕರೆಯುತ್ತಿದ್ದರು. ಚಪ್ಪರವನ್ನು ಒಮ್ಮೆ ನೋಡಿ, "ಮಾಷೇ, ಇದು ಬಿಸಿಲಿಗೆ ಚೆನ್ನಾಗಿದೆ" ಎಂದರು. ಅವರ ಮಾತಿನ ಒಳಾರ್ಥ ಆಗ ನಮಗೆ ಹೊಳೆಯಲಿಲ್ಲ.

ವಯನಾಡಿಗೆ ಮಳೆ ಎರಡು ಸಲ ಬರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮುಂಗಾರು. ಅಕ್ಟೋಬರ್, ನವೆಂಬರಿನಲ್ಲಿ ಅವರು ತುಲಾವರ್ಷವೆನ್ನುವ ಮಳೆ: ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಸೆಕೆ, ಸಂಜೆ ಗುಡುಗು, ಗಾಳಿ. ಘಾಟಿಯ ನೆತ್ತಿಯಲ್ಲಿರುವ ಲಕ್ಕಿಡಿ, ವೈತ್ತಿರಿಗಳಲ್ಲಿ ಮಳೆ ಬಹಳ. ಪೂರ್ವಕ್ಕೆ ಬಂದಂತೆ, ಪುಲ್ಪಳ್ಳಿಯ ಕಡೆಗೆ ಕಡಿಮೆಯಾಗುತ್ತದೆ. ಜಿಲ್ಲೆಯ ಬಹುಪಾಲು ನೀರು ಪೂರ್ವಕ್ಕೇ ಹರಿದು ಕಬಿನಿಯಾಗಿ ನಮ್ಮ ನಾಡಿಗೆ ಬಂದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಇದನ್ನೆಲ್ಲ ನಾವು ಭೂಗೋಳದಲ್ಲಿ ಓದಿದ್ದೆವು. ಚಪ್ಪರ ಹೊಲಿಯುವಾಗ ನೆನಪಿಗೆ ಬರಲಿಲ್ಲ, ಅಷ್ಟೆ.

ಮೊದಲ ದಿನ ಸಂಜೆ ಐದಕ್ಕೆ ಮಳೆ ಹಿಡಿಯಿತು. ಚಪ್ಪರದ ಕೆಳಗೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಹತ್ತು ನಿಮಿಷದಲ್ಲಿ ಬಟ್ಟೆಯ ನಡುವೆ ಒಂದು ಹೊಟ್ಟೆ ಮೂಡಿತು. ಇನ್ನು ಹತ್ತು ನಿಮಿಷಕ್ಕೆ ಅದು ಗಬ್ಬದ ಹಸುವಿನ ಹೊಟ್ಟೆಯಾಯಿತು. ಒಬ್ಬ ಹುಡುಗ ಕೋಲಿನಿಂದ ಎತ್ತಿ ನೀರು ಚೆಲ್ಲಿದ. ಅದು ಮತ್ತೆ ತುಂಬಿತು. ಒಲೆಯ ಬಳಿ ಕುಳಿತು ಈರುಳ್ಳಿ ಹೆಚ್ಚುತ್ತಿದ್ದ ಎಂಟನೆಯ ತರಗತಿಯ ಹುಡುಗಿ ಉಪ್ಪು ತರಲು ಗಾಡಿಯೊಳಗೆ ಹೋದಳು. ಅಷ್ಟರಲ್ಲಿ ಎಡಗಡೆಯ ಬೋಲ್ಟಿನ ಹತ್ತಿರ ಬಟ್ಟೆ ಪರ್ರೆಂದು ಹರಿದು, ಗಳ ಜಾರಿ, ನೀರೆಲ್ಲ ಒಮ್ಮೆಗೇ ಸುರಿಯಿತು. ಒಲೆ ಮಗುಚಿತು, ಕುದಿಯುವ ಸಾರು ಅವಳು ಕುಳಿತಿದ್ದ ಮಣೆಯ ಮೇಲೆ ಚೆಲ್ಲಿತು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆ ರಾತ್ರಿ ಅಜ್ಜನ ಮನೆಯಲ್ಲಿ ಗಂಜಿ ಕುಡಿದೆವು.

ಊಟವಾದ ಮೇಲೆ ಗಣಿತದ ಮೇಷ್ಟರು ಲೆಕ್ಕ ಹಾಕಿಸಿದರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರು ನೀರು. ನಮ್ಮ ಬಟ್ಟೆ ೪೨ ಚದರಡಿ, ಅಂದರೆ ೩.೯ ಚದರ ಮೀಟರು. ಗಂಟೆಗೆ ೨೫ ಮಿಲಿಮೀಟರಿನ ಮಳೆಯಾದರೆ ಅದರ ಮೇಲೆ ಬೀಳುವುದು ಸುಮಾರು ೯೭ ಲೀಟರು, ಆರು ಕೊಡಕ್ಕೂ ಮಿಗಿಲು. ಮೂರಡಿ ಅಗಲ, ನಡುವೆ ಅರ್ಧ ಅಡಿ ಆಳದ ಒಂದು ಹೊಟ್ಟೆ ಸುಮಾರು ೫೦ ಲೀಟರು ಹಿಡಿಯುತ್ತದೆ. ೫೦ ಲೀಟರು ಎಂದರೆ ೫೦ ಕಿಲೋ, ಒಂದು ಸಿಮೆಂಟು ಮೂಟೆ! ನಾವು ಒಲೆಯ ಮೇಲೆ ಸಿಮೆಂಟು ಮೂಟೆಯನ್ನು ತೂಗುಹಾಕಿದ್ದೆವು. ಬಟ್ಟೆ ಒಮ್ಮೆ ಕೊಂಚ ತಗ್ಗಿದರೆ ನೀರು ಅಲ್ಲಿಗೇ ಬರುತ್ತದೆ. ನೀರು ಬಂದಷ್ಟೂ ತಗ್ಗುತ್ತದೆ. ಬಟ್ಟೆ ಗಟ್ಟಿಯಾದರೆ ಸಾಕೆಂದು ನಾವು ತಿಳಿದಿದ್ದೆವು. ಮಳೆಯನ್ನು ತಡೆಯುವುದು ಚಪ್ಪರದ ಕೆಲಸದಲ್ಲಿ ಅರ್ಧ ಮಾತ್ರ. ತಡೆದ ನೀರನ್ನು ಒಡನೆಯೇ ಆಚೆಗೆ ಕಳಿಸುವುದು ಉಳಿದರ್ಧ.

ನಮ್ಮ ಹಳ್ಳಿಗಳಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಹುಲ್ಲಿನ ಮಾಡು ಕಡಿದಾಗಿರುತ್ತದೆ, ಹಂಚಿನದು ಅದಕ್ಕಿಂತ ಕಡಿಮೆ, ತಗಡಿನದು ಇನ್ನೂ ಕಡಿಮೆ. ನೀರು ಎಷ್ಟು ಬೇಗ ಜಾರುತ್ತದೋ ಅಷ್ಟು ಇಳಿಜಾರು ಸಾಕು. ಮಲೆನಾಡಿನಲ್ಲಿ ನಾಟಿಯ ಹೆಂಗಸರು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಗೊರಬೆಯ ಆಕಾರವೂ ಅದೇ. ಕಂಬಳಿ ಕೊಪ್ಪೆಯನ್ನು ನೋಡಿ: ಉಣ್ಣೆ ನೆನೆಯುತ್ತದೆ, ಆದರೆ ನೀರು ಎಳೆಯ ಗುಂಟ ಕೆಳಗೆ ಇಳಿದುಹೋಗುತ್ತದೆ. ಹತ್ತಿಯ ಕ್ಯಾನ್ವಾಸಿನದು ಬೇರೊಂದು ಗುಣ. ನೆನೆದಾಗ ನೂಲು ಉಬ್ಬಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಹೊಸ ಬಟ್ಟೆಯನ್ನು ಒಂದೆರಡು ಸಲ ನೆನೆಸಿ ಒಣಗಿಸಿದ ಮೇಲೆಯೇ ಬಳಸಬೇಕು. ನೆನೆದ ಬಟ್ಟೆಯನ್ನು ಒಳಗಿನಿಂದ ಬೆರಳಿನಿಂದ ಮುಟ್ಟಿದರೆ ಮುಟ್ಟಿದಲ್ಲಿ ತೊಟ್ಟಿಕ್ಕತೊಡಗುತ್ತದೆ. ಹುಡುಗರಿಗೆ ಇದನ್ನು ಹೇಳಬಾರದು. ಹೇಳಿದರೆ ಎಲ್ಲರೂ ಮುಟ್ಟಿ ನೋಡುತ್ತಾರೆ.

ಮರುದಿನ ಬೆಳಿಗ್ಗೆ ಅಜ್ಜನ ಕಾಫಿ ಕಣದಲ್ಲಿ ಬಟ್ಟೆ ಹರಡಿದೆವು. ಕಾಫಿ ಕೊಯ್ಲು ಡಿಸೆಂಬರಿಗೆ, ಆದ್ದರಿಂದ ಕಣ ಖಾಲಿ ಇತ್ತು. ಒದ್ದೆ ಬಟ್ಟೆಯನ್ನು ಸುತ್ತಿಟ್ಟರೆ ಬೂಷ್ಟು ಹಿಡಿದು ನೂಲು ಕೊಳೆಯುತ್ತದೆ. ಒಣಗಿದ ಮೇಲೆ ಹರಿದಲ್ಲಿ ಎರಡು ಪದರ ತೇಪೆ ಇಟ್ಟು ದಬ್ಬಳದಿಂದ, ಮೇಣ ಉಜ್ಜಿದ ದಾರದಿಂದ ಹೊಲಿದೆವು. ಬಟ್ಟೆ ಏಕೆ ಹರಿಯಿತೆಂಬುದೂ ಆಗ ಕಂಡಿತು. ಬೋಲ್ಟುಗಳನ್ನು ಬಟ್ಟೆಗೇ ತೂರಿಸಿದ್ದೆವು, ಭಾರವೆಲ್ಲ ನಾಲ್ಕು ತೂತಿನ ಮೇಲೆ ಬಿದ್ದಿತ್ತು. ಈ ಸಲ ಏಳಡಿ ಉದ್ದದ ಮರದ ಪಟ್ಟಿಯೊಂದಕ್ಕೆ ಬಟ್ಟೆಯ ಅಂಚನ್ನು ಒಂದೂವರೆ ಸುತ್ತು ಸುತ್ತಿ, ಆ ಪಟ್ಟಿಯನ್ನು ಗಾಡಿಗೆ ಬಿಗಿದೆವು. ಸುತ್ತಿದ ಬಟ್ಟೆಯೇ ಪಟ್ಟಿಯನ್ನು ಹಿಡಿದುಕೊಳ್ಳುವುದರಿಂದ ಎಳೆತ ಏಳಡಿಗೂ ಹಂಚಿಹೋಗುತ್ತದೆ. ಪಟ್ಟಿಗೂ ತಗಡಿಗೂ ನಡುವೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಇಟ್ಟೆವು, ಸಂದಿನಲ್ಲಿ ನೀರು ಇಳಿಯದಂತೆ. ಪಟ್ಟಿಯು ಮಾಡಿನ ಅಂಚಿನ ಕೆಳಗೇ ಇರಬೇಕು. ಗಾಡಿಯ ಮೇಲಿನ ನೀರು ಬಟ್ಟೆಯ ಮೇಲೆ ಬೀಳಬೇಕಲ್ಲದೆ ಹಿಂದೆ ಬೀಳಬಾರದು.

ಹೊರಗಿನ ಗಳಗಳನ್ನು ಐದಡಿಗೆ ಕತ್ತರಿಸಿದೆವು. ಆರಡಿಯಲ್ಲಿ ಒಂದೂವರೆ ಅಡಿ ಇಳಿಜಾರು, ನಾಲ್ಕಕ್ಕೆ ಒಂದು. ಎತ್ತರದ ಮೇಷ್ಟರು ತಲೆ ಬಗ್ಗಿಸಿ ಒಳಗೆ ಬರಬೇಕಾಯಿತು; ಅದಕ್ಕೆ ಅವರ ಆಕ್ಷೇಪಣೆ ಇತ್ತು, ನಿವಾರಣೆ ಇರಲಿಲ್ಲ. ಬಲಗಡೆಯ ಗಳವನ್ನು ಇನ್ನೂ ಅರ್ಧ ಅಡಿ ತಗ್ಗಿಸಿದ್ದರಿಂದ ನೀರೆಲ್ಲ ಒಂದೇ ಮೂಲೆಗೆ ಹರಿಯುವಂತಾಯಿತು. ಎರಡು ಗಳಗಳ ತಲೆಗೆ ಒಂದು ಅಡ್ಡಗಳ, ಗಾಡಿಯಿಂದ ಅದರ ಮೇಲಕ್ಕೆ ಮೂರು ಸಣ್ಣ ಬಿದಿರು ಕೊಟ್ಟೆವು. ಮೂರರಲ್ಲಿ ನಡುವಿನದೇ ಮುಖ್ಯ, ಹೊಟ್ಟೆ ಮೂಡುವ ಜಾಗ ಅದು. ಬಿದಿರು ತಗುಲಿದಲ್ಲಿ ಬಟ್ಟೆ ಕೊಂಚ ಒಸರುತ್ತದೆ ನಿಜ, ಆದರೆ ಆ ನೀರು ಬಿದಿರಿನ ಗುಂಟವೇ ಹೊರತುದಿಗೆ ಹೋಗುತ್ತದೆ.

ಇನ್ನು ಗಾಳಿ. ಗೂಟದ ತಲೆಯನ್ನು ಚಪ್ಪರದಿಂದ ಆಚೆಗೆ ವಾಲಿಸಿ ಹೊಡೆಯಬೇಕು. ಈಚೆಗೆ ವಾಲಿಸಿದರೆ ಹಗ್ಗವೇ ಅದನ್ನು ಕೀಳುತ್ತದೆ. ನೆನೆದ ಕೆಂಪು ಮಣ್ಣಿನಲ್ಲಿ ಒಂದಡಿಯ ಗೂಟ ಸಾಲದು, ಒಂದೂವರೆ ಅಡಿ ಬೇಕು. ಹತ್ತಿ ಹಗ್ಗ ನೆನೆದಾಗ ಕುಗ್ಗಿ ಬಿಗಿಯುತ್ತದೆ, ನೈಲಾನು ಕೊಂಚ ಸಡಿಲುತ್ತದೆ. ಯಾವುದೇ ಆಗಲಿ, ಮಳೆ ಬಂದಾಗ ಒಮ್ಮೆ ಎದ್ದು ನೋಡಬೇಕು. ಹಗ್ಗಕ್ಕೂ ಬಟ್ಟೆಯ ಕಣ್ಣಿಗೂ ನಡುವೆ ಸೈಕಲ್ ಟ್ಯೂಬಿನ ಒಂದು ಬಳೆ ಹಾಕಿದರೆ ಗಾಳಿ ಜಗ್ಗಿದಾಗ ಟ್ಯೂಬು ಹಿಗ್ಗುತ್ತದೆ, ಬಟ್ಟೆ ಉಳಿಯುತ್ತದೆ. ಒಲೆಯನ್ನು ಚಪ್ಪರದ ಹೊರ ಅಂಚಿಗೆ ಸರಿಸಿದೆವು. ಮೂರು ಕಡೆಗೂ ಪರದೆ ಇಳಿಬಿಟ್ಟು ಒಳಗೆ ಒಲೆ ಉರಿಸುವುದನ್ನಂತೂ ಯಾರೂ ಮಾಡಬಾರದು. ವಿಷಾನಿಲ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಗಾಡಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಅಜ್ಜ ನಮಗೆ ಬಿಡಲಿಲ್ಲ. ಹಳ್ಳದ ಪಕ್ಕದ ಹುಲ್ಲುಗಾವಲು ನಮಗೆ ಇಷ್ಟವಾಗಿತ್ತು. ಕೈಹಿಡಿದು ಕರೆತಂದು ಮನೆಯ ಮುಂದಿನ ದಿಣ್ಣೆಯ ಮೇಲೆ ನಿಲ್ಲಿಸಿದರು. ೨೦೨೪ರ ಜುಲೈ ೩೦ರ ನಸುಕಿನಲ್ಲಿ ಇದೇ ಜಿಲ್ಲೆಯ ಮೇಪ್ಪಾಡಿಯ ಹತ್ತಿರ ಗುಡ್ಡ ಕುಸಿದು, ಹೊಳೆಯ ಗುಂಟ ಮಣ್ಣೂ ಬಂಡೆಗಳೂ ನುಗ್ಗಿ, ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಇನ್ನೂರಕ್ಕಿಂತ ಹೆಚ್ಚು ಜನ ಸತ್ತರು. "ಮಾಷೇ, ಬಟ್ಟೆ ಹರಿದರೆ ಹೊಲಿಯಬಹುದು" ಎಂದಷ್ಟೇ ಹೇಳಿ ಅಜ್ಜ ಒಳಗೆ ಹೋದರು.

ಎರಡನೆಯ ಸಂಜೆಯೂ ಮಳೆ ತಪ್ಪಲಿಲ್ಲ. ನಾವು ಯಾರೂ ಚಪ್ಪರದ ಕೆಳಗೆ ಹೋಗಲಿಲ್ಲ. ಅಜ್ಜನ ಜಗಲಿಯಲ್ಲಿ ಕುಳಿತು ನೋಡಿದೆವು. ಹೊಟ್ಟೆ ಮೂಡಲಿಲ್ಲ. ನೀರು ಬಲ ಮೂಲೆಯಿಂದ ಹಗ್ಗದಂತೆ ಸುರಿಯತೊಡಗಿದಾಗ, ಹಿಂದಿನ ದಿನ ಉಪ್ಪಿಗೆ ಹೋಗಿದ್ದ ಹುಡುಗಿಯೇ ಓಡಿಹೋಗಿ ಅಲ್ಲೊಂದು ಬಕೆಟ್ಟು ಇಟ್ಟಳು. ಮುಕ್ಕಾಲು ಗಂಟೆಯಲ್ಲಿ ಹದಿನೈದು ಲೀಟರಿನ ಬಕೆಟ್ಟು ನಾಲ್ಕು ಸಲ ತುಂಬಿತು. ೬೦ನ್ನು ೩.೯ರಿಂದ ಭಾಗಿಸಿ ಅವಳು ೧೫ ಮಿಲಿಮೀಟರ್ ಎಂದಳು. ಅಜ್ಜ ಕೊಡೆ ಹಿಡಿದು ತೋಟಕ್ಕೆ ಹೋಗಿ ತಮ್ಮ ಮಳೆಮಾಪಕವನ್ನು ನೋಡಿ ಬಂದರು. ಅದರಲ್ಲಿ ೧೭ ಇತ್ತು. ಉಳಿದ ಎರಡು ಮಿಲಿಮೀಟರ್ ಗಾಳಿಗೆ ಎರಚಿ ಹೋಗಿರಬೇಕು, ಬಕೆಟ್ಟು ಬದಲಿಸುವಾಗ ಚೆಲ್ಲಿರಬೇಕು, ಬಟ್ಟೆಯೂ ಸ್ವಲ್ಪ ಕುಡಿದಿರಬೇಕು ಎಂದು ನಮ್ಮೊಳಗೆ ರಾತ್ರಿ ಊಟದವರೆಗೂ ವಾದ ನಡೆಯಿತು.